ಗೊಂಬೆ ಆರತಿಯ ಹಾಡು

"ಒಂದು ಹಾಡು ಹೇಳಮ್ಮ" ಅಂದೆ. ದಸರಾ ಗೊಂಬೆ ನೋಡಲು ಬಂದಿದ್ದ ಪುಟ್ಟ ಹುಡುಗಿ ಹಾಡತೊಡಗಿದ್ದೇ ತಡ, ಒಳಗೆ ಕಾಫಿ ಕುಡಿಯುತ್ತಿದ್ದ ನಮ್ಮ ಮಾವ ಲೋಟ ಹಿಡಿದೇ ಎದ್ದು ಬಂದರು. ಎಂಬತ್ತರ ದಶಕ, ಜಯನಗರದ ನಮ್ಮ ಮನೆ. ಅದು ಮಾವನೇ ತಮ್ಮ ಸಂಗೀತ ನಾಟಕಕ್ಕೆ ಕಟ್ಟಿದ್ದ ಹಾಡು. ಅವರ ರಾಗಗಳನ್ನು ಎಲ್ಲರೂ ಹೊಗಳುತ್ತಿದ್ದರು. ನಾಟಕಗಳು ಮಾತ್ರ ಎರಡು ಮೂರು ಪ್ರದರ್ಶನಕ್ಕೇ ನಿಂತುಹೋಗುತ್ತಿದ್ದವು.

"ಯಾರು ಹೇಳ್ಕೊಟ್ರು ಮಗೂ?"

"ನಮ್ಮಜ್ಜಿ. ತುಂಬಾ ಹಳೇ ಆರತಿ ಹಾಡಂತೆ ತಾತ, ಯಾರು ಮಾಡಿದ್ದೋ ಗೊತ್ತಿಲ್ವಂತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕಣ್ಣಲ್ಲೇ ತಡೆದರು. ಹಾರ್ಮೋನಿಯಂ ತಂದು, ಇನ್ನೊಮ್ಮೆ ಹಾಡಿಸಿ, ಅವಳ ಶ್ರುತಿಗೇ ನುಡಿಸಿದರು.

ಮಾವ ಈಗಿಲ್ಲ. ಯಾರದೋ ಮನೆಯ ಗೊಂಬೆ ಆರತಿಯಲ್ಲಿ ಆ ಹಾಡು ಕೇಳಿದರೆ ನಾನೂ ದನಿಗೂಡಿಸುತ್ತೇನೆ. ಯಾರದೆಂದು ಮಾತ್ರ ಹೇಳುವುದಿಲ್ಲ.