ಗಾಜಿನ ಮೇಲೊಂದು ಚುಕ್ಕೆಯೂ ಉಳಿಯಬಾರದು

ಮಾಲ್ಟಾ ದ್ವೀಪದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೈದಾನದ ಅಂಚಿನಲ್ಲಿ, ಮಣ್ಣು ತುಂಬಿದ ಪೆಟ್ರೋಲ್ ಡಬ್ಬಗಳನ್ನು ಪೇರಿಸಿ ಕಟ್ಟಿದ ಗೋಡೆಗಳ ನಡುವೆ ಸ್ಪಿಟ್‌ಫೈರ್ ವಿಮಾನವೊಂದು ಮೂಗೆತ್ತಿ ನಿಂತಿದೆ. ಅದರ ರೆಕ್ಕೆಯ ಬುಡದ ಮೇಲೆ ಮಂಡಿಯೂರಿದ ವಿಲ್ಫ್ ಆಕ್‌ರಾಯ್ಡ್, ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಮುಚ್ಚಳಕ್ಕೆ ಹಾ ಎಂದು ಉಸಿರು ಬಿಡುತ್ತಾರೆ. ಹಳೆಯ ಫ್ಲಾನೆಲ್ ತುಂಡಿನಿಂದ ಮೆಲ್ಲಗೆ ಉಜ್ಜುತ್ತಾರೆ. ತಲೆ ಓರೆ ಮಾಡಿ, ಪೂರ್ವದಲ್ಲಿ ಈಗಷ್ಟೇ ಮೂಡುತ್ತಿರುವ ಬಿಳುಪಿನಲ್ಲಿ ನೋಡುತ್ತಾರೆ. ಮತ್ತೆ ಉಸಿರು ಬಿಡುತ್ತಾರೆ, ಮತ್ತೆ ಉಜ್ಜುತ್ತಾರೆ.

“ಸಾಕು ಬಿಡೋ ತಾತ, ತೂತು ಬಿದ್ದೀತು!” ಎಂದು ಕೆಳಗಿನಿಂದ ಕೂಗುತ್ತಾನೆ ಐವರ್ ಪ್ಯೂ. ವೇಲ್ಸಿನ ಈ ಹುಡುಗ ಅದೇ ವಿಮಾನದ ಎಂಜಿನ್ ನೋಡಿಕೊಳ್ಳುವವನು.

“ನಿನ್ನ ಎಂಜಿನ್ ಥರ ಅಲ್ಲ ಕಣೋ ಇದು, ಕೆಮ್ಮಿದ್ರೆ ಎರಡು ಬಡಿದು ಸುಮ್ಮನಾಗಿಸೋಕೆ” ಎನ್ನುತ್ತಾರೆ ವಿಲ್ಫ್, ತಿರುಗಿಯೂ ನೋಡದೆ.

ತಾತನಿಗೆ ಮೂವತ್ತೆಂಟು ವರ್ಷ. ಸ್ಕ್ವಾಡ್ರನ್ನಿನ ಪೈಲಟ್‌ಗಳಲ್ಲಿ ಹೆಚ್ಚಿನವರು ಇಪ್ಪತ್ತೈದು ದಾಟಿಲ್ಲ, ಹಾಗಾಗಿ ಈ ಹೆಸರು. ಎಲ್ಲರೂ ಗಾಜು ಎನ್ನುವುದು ಗಾಜೂ ಅಲ್ಲ, ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು. ಬೇಗ ಗೀರು ಬೀಳುತ್ತದೆ, ಬೇಗ ಮುನಿಸಿಕೊಳ್ಳುತ್ತದೆ. ಅದನ್ನು ಇಷ್ಟು ಮುದ್ದು ಮಾಡುವುದು ಏಕೆಂದು ಕೇಳಿದರೆ ವಿಲ್ಫ್ ಹೇಳುವುದಿಷ್ಟು: “ಆಕಾಶದಲ್ಲಿ ಶತ್ರು ಮೊದಲು ಕಾಣೋದು ಚುಕ್ಕೆ ಥರ. ಗಾಜಿನ ಮೇಲೆ ಸತ್ತಿರೋ ಸೊಳ್ಳೆನೂ ಹಾಗೇ ಕಾಣುತ್ತೆ. ಯಾವುದು ಅಂತ ಯೋಚನೆ ಮಾಡೋದ್ರೊಳಗೆ ಚುಕ್ಕೆಗೆ ರೆಕ್ಕೆ ಬಂದಿರುತ್ತೆ.”

ಯುದ್ಧಕ್ಕೆ ಮುಂಚೆ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಅವರದು ಕಿಟಕಿ ಒರೆಸುವ ಕೆಲಸ. ತಂದೆಯದೂ ಅದೇ. ಹೆಗಲ ಮೇಲೆ ಏಣಿ, ಕೈಯಲ್ಲಿ ಬಕೆಟ್ಟು, ಹದಿನಾರು ವರ್ಷ. “ನಮ್ಮೂರಲ್ಲಿ ಗಿರಣಿಗಳ ಹೊಗೆ. ಬೆಳಿಗ್ಗೆ ಒರೆಸಿದ್ದು ಸಂಜೆಗೆ ಕಪ್ಪು. ಒಬ್ಬ ಡಾಕ್ಟರ ಹೆಂಡತಿ ಬಿಳಿ ಕೈಗವಸು ಹಾಕ್ಕೊಂಡು ಮೂಲೆಮೂಲೆಗೂ ಬೆರಳಿಟ್ಟು ನೋಡೋರು. ಆಗ ಬೈಕೊಳ್ತಿದ್ದೆ. ಈಗ ಅನ್ಸುತ್ತೆ, ಕೆಲಸ ಕಲಿಸಿದ್ದು ಆಯಮ್ಮನೇ.”

ವಾಯುಪಡೆಗೆ ಸೇರುವ ದಿನ ಏನು ಬರುತ್ತದೆ ಎಂದು ಕೇಳಿದ್ದಕ್ಕೆ ಕಿಟಕಿ ಒರೆಸಲು ಬರುತ್ತದೆ ಎಂದರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆರು ತಿಂಗಳ ತರಬೇತಿಯ ನಂತರ ಅವರನ್ನು ವಿಮಾನದ ಮೈ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ರೆಕ್ಕೆ, ಚಕ್ರ, ಬಾಲ, ಬಾಲಕ್ಕೆ ಹೋಗುವ ತಂತಿಗಳು ಎಲ್ಲವೂ ಅವರದೇ ಜವಾಬ್ದಾರಿ. ಆದರೆ ಮನಸ್ಸು ನೆಟ್ಟಿರುವುದು ಮಾತ್ರ ಗಾಜಿನ ಮೇಲೆ.

ಹೋದ ವರ್ಷದ ಮಾತು ತೆಗೆದರೆ ವಿಲ್ಫ್ ಹೆಚ್ಚು ಹೇಳುವುದಿಲ್ಲ. ಆಗ ದಿನಕ್ಕೆ ನಾಲ್ಕೈದು ಸಲ ಬಾಂಬು ಬೀಳುತ್ತಿತ್ತು, ಸಾಮಾನಿನ ಹಡಗುಗಳು ದ್ವೀಪ ಮುಟ್ಟುತ್ತಿರಲಿಲ್ಲ, ಮಾಂಸದ ಡಬ್ಬಿ ಇಬ್ಬರಿಗೊಂದು. ಕುಡಿಯಲು, ತೊಳೆಯಲು ಸೇರಿ ಒಂದೇ ಬಾಟಲಿ ನೀರು. “ಮುಖ ತೊಳೆದ ನೀರಲ್ಲೇ ಗಾಜು ಒರೆಸ್ತಿದ್ದೆ. ಸುಳ್ಳು ಯಾಕೆ, ಮೊದಲು ಗಾಜು, ಆಮೇಲೆ ಮುಖ.” ಈಗ ಹಡಗುಗಳು ಬರುತ್ತಿವೆ. ಪಕ್ಕದ ಹಳ್ಳಿಯ ಚೆಟ್ಟಾ ಎಂಬಾಕೆ ಇವರ ಬಟ್ಟೆ ಒಗೆದುಕೊಡಲು ಬರುವಾಗ ಟೊಮೆಟೊ ಉಜ್ಜಿ ಎಣ್ಣೆ ಸುರಿದ ರೊಟ್ಟಿ ತರುತ್ತಾಳೆ. ವಿಲ್ಫ್ ಮೈ ತುಂಬಿಕೊಂಡು ಬೆಲ್ಟನ್ನು ಎರಡು ತೂತು ಸಡಿಲಿಸಿದ್ದಾರೆ.

ಒಂದು ಮುಚ್ಚಳಕ್ಕೆ ಇಪ್ಪತ್ತೈದು ನಿಮಿಷ, ದಿನಕ್ಕೆ ಮೂರು ಸಲ. ಒಂದು ಫ್ಲಾನೆಲ್ ತುಂಡು ಒಂಬತ್ತು ದಿನ ಬಾಳಿಕೆ ಬರುತ್ತದೆ. ಅದನ್ನು ಊರಿನಿಂದ ಕಳಿಸುವವರು ಹೆಂಡತಿ ನೆಲ್ಲಿ, ತಮ್ಮ ಅಪ್ಪನ ಅಂಗಿಗಳನ್ನು ಕತ್ತರಿಸಿ. “ಮಾವನಿಗೆ ಈಗ ಉಳಿದಿರೋದು ಎರಡೇ ಅಂತೆ. ಯುದ್ಧ ಬೇಗ ಮುಗೀಲಿ ಅಂತ ನಮ್ಮೆಲ್ಲರಿಗಿಂತ ಜಾಸ್ತಿ ಬೇಡ್ಕೊಳ್ತಿರೋದು ಅವರೇ.”

ಫ್ಲಾನೆಲ್ ಇರುವುದು ಯಾವಾಗಲೂ ಎಡಜೇಬಿನಲ್ಲಿ. ಬಲಜೇಬಿನಲ್ಲಿ ಬೇರೆ ಚಿಂದಿ, ಅದು ಬಾಲಕ್ಕೆ ಹೊದಿಸಿದ ಬಟ್ಟೆಗೆ ತೇಪೆ ಹಾಕುವಾಗ ಕೈಗಂಟಿದ ಬಣ್ಣವನ್ನು ತಿನ್ನರ್ ಹಾಕಿ ಒರೆಸಿಕೊಳ್ಳಲು. ಆ ತಿನ್ನರಿನ ಚಿಂದಿ ಗಾಜನ್ನು ಮುಟ್ಟಬಾರದು, ಮುಟ್ಟಿದರೆ ಪ್ಲಾಸ್ಟಿಕ್ಕು ಕರಗಿ ಮಬ್ಬಾಗುತ್ತದೆ. ಮೂರು ವರ್ಷ ಮುಟ್ಟಿರಲಿಲ್ಲ.

ಹೋದ ಮಂಗಳವಾರ ಮುಟ್ಟಿತು. ಹಿಂದಿನ ಸಂಜೆ ಚೆಟ್ಟಾ ಒಗೆದು ತಂದ ಪ್ಯಾಂಟು ತೊಟ್ಟುಕೊಳ್ಳುವ ಅವಸರದಲ್ಲಿ ವಿಲ್ಫ್ ಜೇಬಿನ ಸಾಮಾನು ಅದಲುಬದಲು ತುಂಬಿಕೊಂಡಿದ್ದರು. ಬೆಳಿಗ್ಗೆ ಐದೂವರೆಗೆ, ಮಬ್ಬಿನಲ್ಲಿ, ಎಡಜೇಬಿಗೆ ಕೈಹಾಕಿ ತೆಗೆದು ಒಂದು ಸುತ್ತು ಉಜ್ಜಿದರು. ಮೂಗಿಗೆ ತಿನ್ನರ್ ವಾಸನೆ ಬಡಿಯಿತು. ಅಷ್ಟರಲ್ಲಿ ಮುಚ್ಚಳದ ಎಡ ಹಿಂಭಾಗದಲ್ಲಿ ಅಂಗೈಯಗಲ ಹಾಲಿನಂತೆ ಬೆಳ್ಳಗಾಗಿತ್ತು. ಅದು ಉಜ್ಜಿದರೆ ಹೋಗುವಂಥದ್ದಲ್ಲ, ಒಳಗೇ ಇಳಿದಿರುತ್ತದೆ.

ಎಂಟು ಗಂಟೆಗೆ ಸ್ಕ್ವಾಡ್ರನ್ ಶತ್ರುವಿನ ಕೈಯಲ್ಲಿರುವ ಸಿಸಿಲಿಯ ಕಡೆ ಹೊರಡಬೇಕು. ಈ ವಿಮಾನದ ಪೈಲಟ್ ಆಸ್ಟ್ರೇಲಿಯದ ರೋರಿ ಮ್ಯಾಡರ್ನ್, ಇಪ್ಪತ್ತೆರಡರ ಯುವಕ. ವಿಮಾನಗಳು ಹಾರುವುದು ಜೋಡಿಯಾಗಿ. ಒಬ್ಬನ ಬೆನ್ನು ಇನ್ನೊಬ್ಬ ಕಾಯಬೇಕು. ಮ್ಯಾಡರ್ನ್ ಹೋಗದಿದ್ದರೆ ಅವನ ಜೊತೆಗಾರನ ಬೆನ್ನಿಗೆ ಯಾರೂ ಇಲ್ಲ. ಇದೇ ಗಾಜಿನಲ್ಲಿ ಹೋದರೆ ಎಡಹಿಂದಿನಿಂದ ಬರುವುದು ಮ್ಯಾಡರ್ನ್‌ಗೆ ಕಾಣುವುದಿಲ್ಲ. ಕೆಳಗಿನಿಂದ ನೋಡಿದರೆ ಅದು ಇಬ್ಬನಿಯಂತೆ ಕಾಣುತ್ತಿತ್ತು. ಅವರು ಉಜ್ಜಿದ್ದನ್ನು ಯಾರೂ ನೋಡಿರಲಿಲ್ಲ.

“ಹೇಳದೇ ಇರಬಹುದಿತ್ತು” ಎನ್ನುತ್ತಾರೆ ವಿಲ್ಫ್. “ಒಂದು ನಿಮಿಷ ಹಾಗೇ ಕೂತಿದ್ದೆ. ಆ ಒಂದು ನಿಮಿಷದ್ದೇ ನಾಚಿಕೆ ನನಗೆ, ತಪ್ಪು ಮಾಡಿದ್ದಕ್ಕಲ್ಲ.”

ಕೆಳಗಿಳಿದು ಸಾರ್ಜೆಂಟ್ ಕಾಬಲ್ಡ್ ಮುಂದೆ ನಿಂತು ನಡೆದದ್ದನ್ನು ಹೇಳಿದರು.

“ನೀನಾ? ಬೇರೆಯವರ ಗಾಜಿಗೆ ಬೆರಳಿಟ್ಟು ನೋಡೋ ನೀನಾ?” ಸಾರ್ಜೆಂಟ್ ಮುಖ ಕೆಂಪಾಯಿತು. “ಉಗ್ರಾಣದಲ್ಲಿ ಮುಚ್ಚಳ ಇಲ್ಲ. ಏನ್ ಮಾಡ್ತೀಯ ಈಗ?”

“ಗುಜರಿ ರಾಶೀಲಿ ಒಂದಿದೆ ಸಾರ್ಜೆಂಟ್. ಹೋದ ತಿಂಗಳು ಒಂದು ವಿಮಾನ ಚಕ್ರ ಬಿಚ್ಚದೆ ಹೊಟ್ಟೆ ಮೇಲೆ ಇಳೀತಲ್ಲ, ಅದರದ್ದು.”

“ಅದರ ಮೇಲೆ ಬೆಕ್ಕು ಪರಚಿದ ಹಾಗೆ ಗೀರಿದೆಯಲ್ಲಯ್ಯ!”

“ಗೀರು ಹೋಗುತ್ತೆ. ಇದು ಹೋಗಲ್ಲ.”

ಲಾರಿ ಹತ್ತಿ ಹೋಗಿ ಮುಚ್ಚಳ ಬಿಚ್ಚಿ ತರುವಷ್ಟರಲ್ಲಿ ಆರೂವರೆ. ಗೀರು ಮಾಯುವ ಮುಂಚೆಯೇ ಪಾಲಿಷ್ ಡಬ್ಬಿಯ ತಳ ಕಂಡಿತು. ಆಗ ಐವರ್ ತನ್ನ ಹಲ್ಲುಪುಡಿ ಡಬ್ಬಿ ತಂದುಕೊಟ್ಟ. ನಯವಾದ ಪುಡಿ, ನೀರಿನಲ್ಲಿ ಕಲಸಿದರೆ ಗೀರು ಸವೆಸುತ್ತದೆ. ಒಂದು ಡಬ್ಬಿ ಮುಗಿಯಿತು. ಐವರ್ ಗುಡಾರದಿಂದ ಗುಡಾರಕ್ಕೆ ಹೆಲ್ಮೆಟ್ ಹಿಡಿದು ಓಡಿದ. ಅಡುಗೆಯವರು ಕೊಟ್ಟರು, ಗುಮಾಸ್ತ ಕೊಟ್ಟ, ಪಾದ್ರಿ ಕೊಟ್ಟರು. ಕೊನೆಗೆ ಸಾರ್ಜೆಂಟ್ ಕಾಬಲ್ಡ್ ತಾವೇ ಬಂದು ತಮ್ಮ ಡಬ್ಬಿ ಇಟ್ಟು ಹೋದರು.

“ಅವರಿಗೆ ಅದರ ಅಗತ್ಯ ಇಲ್ಲ ಬಿಡು, ಮೇಲಿನ ಸಾಲು ಹಲ್ಲು ಕಟ್ಟಿಸಿದ್ದು” ಎಂದ ಐವರ್.

“ಬಾಯಿ ಮುಚ್ಚಿ ಉಜ್ಜು. ಸುತ್ತಿ ಸುತ್ತಿ ಉಜ್ಜಬೇಡ, ನೇರವಾಗಿ” ಎಂದರು ವಿಲ್ಫ್.

ಎಂಟಕ್ಕೆ ಹದಿನೆಂಟು ನಿಮಿಷವಿರುವಾಗ ಮುಚ್ಚಳ ಕೂರಿಸಿದರು. ಮ್ಯಾಡರ್ನ್ ಬಂದಾಗ ವಿಲ್ಫ್ ಮತ್ತೆ ಎಲ್ಲವನ್ನೂ ಹೇಳಿದರು, ಜೇಬಿನ ವಿಷಯವನ್ನೂ ಬಿಡದೆ. ಮ್ಯಾಡರ್ನ್ ಒಳಗೆ ಕುಳಿತು ಮುಚ್ಚಳ ಎಳೆದು ಎಡಭುಜದ ಮೇಲಿಂದ ಬಹಳ ಹೊತ್ತು ನೋಡಿದ.

“ಪುದೀನ ವಾಸನೆ ಬರ್ತಿದೆಯಲ್ಲ ವಿಲ್ಫ್.”

“ಹೌದು ಸಾರ್. ಇವತ್ತು ಇಡೀ ಸ್ಕ್ವಾಡ್ರನ್ನಲ್ಲಿ ಒಳ್ಳೆ ವಾಸನೆ ಬರೋದು ಅದೊಂದೇ.”

ಹೊರಟ ಹನ್ನೆರಡು ವಿಮಾನಗಳೂ ಹತ್ತಕ್ಕೆ ಮೊದಲು ಮರಳಿದವು. ಮ್ಯಾಡರ್ನ್ ಇಳಿದವನೇ ಹೆಲ್ಮೆಟ್ ತೆಗೆಯದೆ ಹೇಳಿದ್ದು ಐವರ್‌ಗೆ ಬಾಯಿಪಾಠವಾಗಿದೆ: “ಎಡಗಡೆ ಹಿಂದೆ ಒಂದು ಚುಕ್ಕೆ ಕಾಣ್ತು. ಬೇರೆ ಗಾಜಾಗಿದ್ರೆ ಕೊಳೆ ಅಂದ್ಕೊಂಡು ಬೆರಳಲ್ಲಿ ಒರೆಸ್ತಿದ್ದೆ. ಈ ಗಾಜಲ್ಲಿ ಕೊಳೆ ಇರೋಕೆ ಸಾಧ್ಯವೇ ಇಲ್ಲ ಅನ್ನಿಸ್ತು, ಜೊತೆಯವನಿಗೆ ಕೂಗಿ ಹೇಳಿ ತಿರುಗಿಸ್ಬಿಟ್ಟೆ. ಶತ್ರುಗಳು ನಾಲ್ಕು ಜನ ಇದ್ರು.”

ವಿಲ್ಫ್ ಆಗ ಸಾಬೂನು ನೀರು ತರುತ್ತೇನೆಂದು ಹೋದವರು ಸ್ವಲ್ಪ ಹೊತ್ತು ಬರಲಿಲ್ಲ.

ಸಾರ್ಜೆಂಟ್ ವಿಲ್ಫ್ ಹೆಸರನ್ನು ದಂಡನೆಗೂ ಬರೆಯಲಿಲ್ಲ, ಮೆಚ್ಚುಗೆಗೂ ಬರೆಯಲಿಲ್ಲ. ಅದೇ ಸರಿ ಎನ್ನುತ್ತಾರೆ ವಿಲ್ಫ್. ಪತ್ರಿಕೆಗಳಲ್ಲಿ ಪೈಲಟ್‌ಗಳ ಚಿತ್ರ ಬರುತ್ತದೆ. ಅದನ್ನು ಅವರು ಕತ್ತರಿಸಿ ನೆಲ್ಲಿಗೆ ಕಳಿಸುತ್ತಾರೆ, ಹಿಂದಿರುವ ವಿಮಾನದ ಗಾಜಿಗೆ ಪೆನ್ಸಿಲ್ಲಿನಲ್ಲಿ ಬಾಣದ ಗುರುತು ಹಾಕಿ. ಮುಂದಿನ ಆಸೆಯೂ ದೊಡ್ಡದಲ್ಲ. ಊರಿಗೆ ಹೋದ ಮೇಲೆ ಒಂದು ವಾರ ಯಾವ ಕಿಟಕಿಯನ್ನೂ ಒರೆಸದೆ, ಬರೀ ಅದರಾಚೆ ನೋಡುತ್ತ ಕೂರಬೇಕಂತೆ.

ಈ ಬೆಳಿಗ್ಗೆ ಮ್ಯಾಡರ್ನ್ ಬರುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿದೆ. ವಿಮಾನ ಸರಿಯಿದೆ ಎಂದು ಪೈಲಟ್ ಸಹಿ ಹಾಕಬೇಕಾದ ಕಾಗದ ವಿಲ್ಫ್ ಕೈಯಲ್ಲಿದೆ. ಮ್ಯಾಡರ್ನ್ ಗಾಜಿನ ಕಡೆ ತಿರುಗದೆ ಕೈ ಚಾಚುತ್ತಾನೆ.

“ಕೊಡು ವಿಲ್ಫ್. ನೀನು ಒರೆಸಿದ್ದನ್ನ ನಾನೇನು ನೋಡೋದು?”

ವಿಲ್ಫ್ ಕಾಗದವನ್ನು ಬೆನ್ನ ಹಿಂದಕ್ಕೆ ಒಯ್ಯುತ್ತಾರೆ.

“ಹೋದ ಮಂಗಳವಾರವೂ ನಾನೇ ಒರೆಸಿದ್ದು ಸಾರ್. ಮೊದಲು ಹತ್ತಿ ನೋಡಿ.”

ಮ್ಯಾಡರ್ನ್ ನಗುತ್ತ ಹತ್ತುತ್ತಾನೆ. ಎಡಕ್ಕೆ ನೋಡುತ್ತಾನೆ, ಬಲಕ್ಕೆ, ಮೇಲಕ್ಕೆ, ಮತ್ತೆ ಎಡಕ್ಕೆ. ವಿಲ್ಫ್ ಕೆಳಗೆ ಕೈಕಟ್ಟಿ ನಿಂತಿದ್ದಾರೆ.

“ನಿಧಾನವಾಗಿ ಹುಡುಕಿ ಸಾರ್. ಇನ್ನೂ ಹತ್ತು ನಿಮಿಷ ಇದೆ.”