ಎರಡು ಬಾಬಿನ್

ಹೊಲಿಗೆ ಮಷೀನಿಗೆ ಬಿಡುವ ಎಣ್ಣೆಗೆ ಒಂದು ವಾಸನೆ ಇರುತ್ತದೆ. ಸೀಮೆಎಣ್ಣೆಯಷ್ಟು ಗಡುಸಲ್ಲ, ಕೊಬ್ಬರಿ ಎಣ್ಣೆಯಷ್ಟು ಮೆತ್ತಗೂ ಅಲ್ಲ. ಮೊನ್ನೆ ಮಾನ್ವಿಯಲ್ಲಿ ಮಾಮು ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದು ಬಂದವರೆಲ್ಲ ಉಂಡು ಹೋದ ಮೇಲೆ, ಮಾಮಿ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದು ನನ್ನ ಮುಂದಿಟ್ಟಳು. ಮುಚ್ಚಳ ತೆಗೆಯುವ ಮೊದಲೇ ಆ ವಾಸನೆ ಬಂತು. ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಮೊಮ್ಮಕ್ಕಳನ್ನು ಕಂಡಿರುವ ಹೆಂಗಸು ನಾನು. ಆದರೂ ಆ ಗಳಿಗೆ ಹತ್ತು ವರ್ಷದ ಹುಡುಗಿಯಾಗಿ ಹರಿಗೋಲಿನ ತಳಕ್ಕೆ ಅಂಟಿಕೊಂಡು ಕೂತಿದ್ದೆ. ನಿಮ್ಮ ಮನೆಯಲ್ಲೂ ಯಾರದೋ ಒಂದು ಪೆಟ್ಟಿಗೆ ಹೀಗೆ ಉಳಿದಿದ್ದರೆ, ಅದನ್ನು ತೆರೆಯಲು ಎಷ್ಟು ಹೊತ್ತು ಬೇಕಾಗುತ್ತದೆಂದು ನಿಮಗೆ ಗೊತ್ತಿರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಕೋಟೆಗೋಡೆಯ ಹಿಂದೆ, ಒಂದು ಬೇವಿನ ಮರದ ನೆರಳಿಗೆ ನಮ್ಮ ಮನೆಯಿತ್ತು. ಎರಡು ಕೋಣೆ, ಶಹಾಬಾದ್ ಕಲ್ಲಿನ ನೆಲ, ಬೀದಿಗೆ ತೆರೆದ ಒಂದು ಪಡಸಾಲೆ. ಅಬ್ಬಾ ನನಗೆ ನೆನಪು ಮೂಡುವ ಮೊದಲೇ ತೀರಿಕೊಂಡಿದ್ದರು. ಒಳಕೋಣೆಯಲ್ಲಿ ಅಮ್ಮಿ ಓಣಿಯವರ ಬಟ್ಟೆ ಹೊಲಿಯುತ್ತಿದ್ದಳು. ಪಡಸಾಲೆಯಲ್ಲಿ ಅವಳ ತಮ್ಮ, ನನ್ನ ಮಾಮು, ಕೆಟ್ಟುಹೋದ ಹೊಲಿಗೆ ಮಷೀನುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಆ ಕೆಲಸವನ್ನು ಅವರು ಬೊಂಬಾಯಿಯಲ್ಲಿ ಕಲಿತದ್ದು. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಅವರು ಕಣ್ಣಿಂದ ನೋಡದೆ ಬೆರಳ ತುದಿಯಿಂದಲೇ ಹುಡುಕಿ ತಿರುಗಿಸುತ್ತಿದ್ದರು. ಅಮ್ಮಿ ಆಗಾಗ ಹೇಳುತ್ತಿದ್ದಳು, "ನಮ್ಮ ಮನ್ಯಾಗ ಅನ್ನ ಬೇಯೋದು ಇವನ ಬೆರಳಿನ ಮ್ಯಾಲ." ಮನೆಯೊಳಗೆ ನಮ್ಮದು ದಖ್ಖನಿ ಮಾತು. ಇಲ್ಲಿ ಬರೆಯುವಾಗ ಅದನ್ನು ನಾವು ಬೀದಿಯಲ್ಲಿ ಆಡುವ ಕನ್ನಡಕ್ಕೆ ತಂದುಕೊಂಡಿದ್ದೇನೆ. ನನ್ನ ಕೆಲಸ, ಅಮ್ಮಿ ಹೊಲಿದು ಮುಗಿಸಿದ ಬಟ್ಟೆಯ ದಾರದ ತುದಿಗಳನ್ನು ಹಲ್ಲಿನಿಂದ ಕಡಿದು ಹಾಕುವುದು. ಕತ್ತರಿ ಇತ್ತು, ಆದರೆ ನನಗೆ ಹಲ್ಲೇ ಸಲೀಸು. "ಇಲಿ ಹುಟ್ಟ್ಯದ ನನ್ನ ಹೊಟ್ಟ್ಯಾಗ" ಎಂದು ಅಮ್ಮಿ ಬೈಯುವಳು.

ಮಾಮು ಬೊಂಬಾಯಿಯಿಂದ ತಂದದ್ದು ಕೆಲಸವೊಂದನ್ನೇ ಅಲ್ಲ. ಅಲ್ಲಿ ಭಾನುವಾರಗಳಲ್ಲಿ ಸಮುದ್ರದ ಬಂಡೆಗಳ ಮೇಲೆ ನಿಂತು ಮೀನು ಹಿಡಿಯುವ ಹುಚ್ಚು ಹತ್ತಿತ್ತಂತೆ. ಹಡಗಿನ ಒಬ್ಬ ಖಲಾಸಿ ಊರಿಗೆ ಮರಳುವಾಗ ತನ್ನ ಎರಡು ಗಾಳದ ಕೋಲು, ಅವಕ್ಕೆ ಸಿಕ್ಕಿಸುವ ಕೈತಿರುವಿನ ರೀಲು, ಎರೆಯ ಬದಲು ಗಾಳಕ್ಕೆ ಕಟ್ಟುವ ಒಂದಷ್ಟು ಹೊಳೆಯುವ ತಗಡಿನ ಮೀನುಗಳನ್ನು ಇವರಿಗೆ ಕೊಟ್ಟು ಹೋಗಿದ್ದ. ಹಿಡಿಕೆ ತಿರುವಿದರೆ ದಾರ ಸುತ್ತಿಕೊಳ್ಳುತ್ತಿತ್ತು. ಮೀನು ಎಳೆದರೆ ಬ್ರೇಕಿನಂಥ ಒಂದು ಬಿರಿಯ ಮೂಲಕ ಕಿರ್‍ರ್ ಎಂದು ಸದ್ದು ಮಾಡುತ್ತಾ ದಾರ ಬಿಟ್ಟುಕೊಡುತ್ತಿತ್ತು. ದಾರ ಸುತ್ತುವ ಉರುಟು ಭಾಗವನ್ನು ಕಳಚಿ ಬೇರೆಯದು ಹಾಕಬಹುದಿತ್ತು. ಹಾಗೆ ಎರಡು ಇದ್ದವು. ನಮ್ಮದು ಹೊಲಿಗೆಯ ಮನೆಯಲ್ಲವೇ, ನಾವು ಅವಕ್ಕೆ ಬಾಬಿನ್ ಎಂದೇ ಹೆಸರಿಟ್ಟೆವು. ಒಂದರಲ್ಲಿ ಕೂದಲಿಗಿಂತ ತುಸು ದಪ್ಪನೆಯ ನೈಲಾನ್ ದಾರ, ಹೊಳೆಗೆ. ಇನ್ನೊಂದರಲ್ಲಿ ಕಡ್ಡಿಯಂಥ ದಪ್ಪ ದಾರ, ಸಮುದ್ರಕ್ಕೆ. ಅಮ್ಮಿ ಉಳಿದ ಫ್ಲಾನೆಲ್ ತುಂಡುಗಳಿಂದ ಅವಕ್ಕೆ ಎರಡು ಚೀಲ ಹೊಲಿದುಕೊಟ್ಟಳು. ಹೊಳೆಯದಕ್ಕೆ ಹಸಿರು, ಸಮುದ್ರದ್ದಕ್ಕೆ ನೀಲಿ.

ಶನಿವಾರ ಸಂಜೆ ಮಾಮು ಪಡಸಾಲೆಯಲ್ಲಿ ಹಳೆಯ ಚಾದರ ಹಾಸಿ ಎಲ್ಲವನ್ನೂ ಹರಡುತ್ತಿದ್ದರು. ಬಾಗುವ ಕೋಲು ಹಗುರ ತಗಡಿಗೆ, ಸೆಟೆದ ಕೋಲು ಭಾರದ್ದಕ್ಕೆ. ತಿಳಿನೀರಿಗೆ ಸಣ್ಣ ತಗಡು, ಕೆಂಪು ನೀರಿಗೆ ಹಿತ್ತಾಳೆಯದು. ನಾನು ಪಾಠದಂತೆ ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಒಮ್ಮೆ ಅವರು ಕೇಳಿದರು, "ಶಮ್ಮೋ, ದೊಡ್ಡ ಮೀನ ಜಗ್ಗಿದಾಗ ದಾರ ಹರೀಲಿಲ್ಲಂದ್ರ ಏನ್ ಹರೀತದ?"

"ಕೋಲು ಮುರೀತದ."

"ಕೋಲೂ ಮುರೀಲಿಲ್ಲಂದ್ರ?"

ಮಾಮು ತಮ್ಮ ಬಲಗೈಯ ಐದೂ ಬೆರಳು ಎತ್ತಿ ನನ್ನ ಮುಖದ ಮುಂದೆ ಆಡಿಸಿ ನಕ್ಕರು. ಕೊನೆಗೆ ಎರಡೂ ಚೀಲ ಎರಡು ಕೈಯಲ್ಲಿ ಹಿಡಿದು "ಕೌನ್ಸಾ?" ಎನ್ನುವರು. ಯಾವುದು ಎಂದು ಕೇಳುವ ಆ ಒಂದು ಮಾತನ್ನು ಕನ್ನಡಕ್ಕೆ ತರಲು ನನಗೆ ಮನಸ್ಸಿಲ್ಲ. ನಾನು ಹಸಿರು ಚೀಲ ಮುಟ್ಟಿದರೆ, "ಪಾಸ್!" ಎಂದು ತಲೆ ನೇವರಿಸುವರು.

ಭಾನುವಾರ ಮೊದಲ ಬಸ್ಸಿಗೆ ದೇವದುರ್ಗ, ಅಲ್ಲಿಂದ ಇನ್ನೊಂದು ಬಸ್ಸಿಗೆ ಗೂಗಲ್. ಕೃಷ್ಣೆಯ ದಂಡೆಯಲ್ಲಿ ಯಂಕಪ್ಪ ಎಂಬ ಅಂಬಿಗ ನಮ್ಮನ್ನು ತನ್ನ ಹರಿಗೋಲಿನಲ್ಲಿ ಕೂರಿಸಿಕೊಳ್ಳುತ್ತಿದ್ದ. ಐವತ್ತು ದಾಟಿದವನು, ಬಾಯಿತುಂಬ ಎಲೆಅಡಿಕೆ. ಅವನದು ಕೋಲಿಲ್ಲದ ಗಾಳ. ದಾರದ ಒಂದು ತುದಿಯನ್ನು ತನ್ನ ಉಡಿದಾರಕ್ಕೇ ಕಟ್ಟಿಕೊಂಡು, ಹುಟ್ಟು ಹಾಕುತ್ತಲೇ ಮೀನು ಹಿಡಿಯುವನು. ಆದರೆ ಗಾಳದ ಮುಳ್ಳಿಗೂ ದಾರಕ್ಕೂ ನಡುವೆ ಗೇಣುದ್ದ ಹಳೆಯ ನೂಲಿನ ತುಂಡೊಂದನ್ನು ಕಟ್ಟುತ್ತಿದ್ದ. ಅದಕ್ಕೆ ಅವನು 'ಸಾಯೋ ತುಂಡು' ಅನ್ನುತ್ತಿದ್ದ. ತಡೆಯಲಾರದ್ದೇನಾದರೂ ಎಳೆದರೆ ಆ ತುಂಡು ಹರಿಯುತ್ತದೆ, ಅಂಬಿಗ ಉಳಿಯುತ್ತಾನೆ. ಹೀಗಾಗಿ ಅವನ ಹರಿಗೋಲಿನಲ್ಲಿ ಚಾಕು ಇರುತ್ತಿರಲಿಲ್ಲ. ಚಾಕುವಿನ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನೊಂದು ಪದ್ಧತಿ ಅವನದು, ನೀರಿನ ಮೇಲಿರುವಾಗ ಮೊಸಳೆಯ ಹೆಸರು ಹೇಳುವಂತಿಲ್ಲ. 'ಮುದುಕ' ಅನ್ನಬೇಕು. ಮಡುವಿನ ಆಚೆ ಒಂದು ಚಪ್ಪಟೆ ಕಲ್ಲಿನ ಮೇಲೆ ಮುದುಕ ಬಿಸಿಲಿಗೆ ಮಲಗಿರುತ್ತಿದ್ದ. ಅವನು ಕಲ್ಲಿನ ಮೇಲೆ ಕಂಡರೆ ನನಗೆ ಹೆದರಿಕೆ, ಕಾಣದಿದ್ದರೆ ಅದಕ್ಕಿಂತ ಹೆಚ್ಚು.

ನನಗೆ ಹತ್ತು ತುಂಬಿದ ಚಳಿಗಾಲದ ಒಂದು ಭಾನುವಾರ ಮಾಮುವಿನ ತಗಡಿಗೆ ದೊಡ್ಡದೊಂದು ಬಾಳೆ ಮೀನು ಬಿತ್ತು. ಬೆಳ್ಳಿಯ ಪಟ್ಟಿಯಂಥ ಅದರ ಮೈ ಒಮ್ಮೆ ಮೇಲೆದ್ದದ್ದನ್ನು ನಾನೂ ಕಂಡೆ. ಸಣ್ಣ ದಾರ ಟಪ್ಪನೆ ಹರಿಯಿತು. ಯಂಕಪ್ಪ ತಂಬುಲ ಉಗುಳಿ ನಕ್ಕ. "ಬೊಂಬಾಯಿ ಮಷೀನಿಗಿ ಮೀನ ಸಲಾಂ ಹೊಡದು ಹೋತ್ ನೋಡ್ರಿ ಸಾಬ್ರ. ಮುಂದಿನ ವಾರ ಹೆಂಡ್ರು ಮಕ್ಳನ್ನೂ ಕರಕೊಂಡ್ ಬರತದ."

"ಬರಲಿ ಬಿಡು ಯಂಕಣ್ಣ, ನಿನ್ನ ಮನಿಗೇ ಕಳಸ್ತೀನಿ" ಎಂದು ಮಾಮುವೂ ನಕ್ಕರು. ಆದರೆ ಬಸ್ಸಿನಲ್ಲಿ ರಾಯಚೂರಿನ ತನಕ ಹರಿದ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ನನ್ನ ಮಾಮು ಯಾರ ಮುಂದೆಯೂ ಸೋಲಬಾರದು ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡೆ.

ಮುಂದಿನ ಶನಿವಾರ ಸಂಜೆ "ಕೌನ್ಸಾ?" ಎಂದಾಗ ನಾನು ನೀಲಿ ಚೀಲ ಮುಟ್ಟಿದೆ. ಮಾಮು ಪಾಸ್ ಅನ್ನಲಿಲ್ಲ, ಫೇಲ್ ಅಂತಲೂ ಅನ್ನಲಿಲ್ಲ. ನನ್ನ ಮುಖ ನೋಡಿದರು. ನನ್ನ ಮನಸ್ಸಿನಲ್ಲಿದ್ದದ್ದು ಅವರಿಗೆ ತಿಳಿಯಿತೆಂದು ಈಗಲೂ ನಂಬಿದ್ದೇನೆ. "ಮರ್ಜಿ ನಿನ್ನದು" ಎಂದು ದಪ್ಪ ದಾರದ ಬಾಬಿನ್ ಅನ್ನು ರೀಲಿಗೆ ಸಿಕ್ಕಿಸಿದರು.

ದಂಡೆಯಲ್ಲಿ ಯಂಕಪ್ಪ ಅದನ್ನು ಮುಟ್ಟಿ ನೋಡಿದ. "ಇದೇನ್ರಿ ಸಾಬ್ರ, ಎಮ್ಮಿ ಕಟ್ಟಾಕ ತಂದೀರೇನು? ತುದೀಗಿ ಒಂದು ಸಾಯೋ ತುಂಡು ಕಟ್ಟಲೇನ್ರಿ?"

"ಬ್ಯಾಡ. ನಮ್ಮ ಶಮ್ಮೋ ಆರ್ಸ್ಯಾಳ. ನಡಿ" ಅಂದರು ಮಾಮು.

ಬಿಸಿಲು ಏರಿತ್ತು. ಮಡುವಿನ ಆಚೆಯ ಕಲ್ಲು ಖಾಲಿಯಾಗಿತ್ತು. ಯಂಕಪ್ಪ ಅದನ್ನು ನೋಡಿ ಹುಟ್ಟನ್ನು ನಿಧಾನ ಮಾಡಿದ. ಮಾಮು ಎಸೆದ ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಮೀನು ಬಿತ್ತು. ರೀಲು ಕಿರ್‍ರ್ ಎಂದಿತು, ಮಾಮು ಬಿರಿ ಬಿಗಿ ಮಾಡಿದರು, ದಾರ ಹರಿಯಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೀನು ಹರಿಗೋಲಿನ ಹತ್ತಿರ ಬರುತ್ತಿದ್ದಂತೆ ನೀರು ಒಮ್ಮೆ ಒಳಗಿನಿಂದ ಉಬ್ಬಿ ಒಡೆಯಿತು. ಮೀನು ಕಾಣದಾಯಿತು. ದಾರ ಮಾತ್ರ ಆಳಕ್ಕೆ ಓಡತೊಡಗಿತು. "ಮುದುಕ ಹಿಡದಾನ್ರಿ! ಬಿಡ್ರಿ, ಕೋಲ ಬಿಡ್ರಿ!" ಎಂದು ಯಂಕಪ್ಪ ಕೂಗಿದ.

ಮಾಮು ಕೋಲನ್ನು ಹರಿಗೋಲಿನೊಳಗೇ ಬಿಟ್ಟರು. ಆದರೆ ಅದಕ್ಕೂ ಮೊದಲು, ಯಂಕಪ್ಪ ಮಾಡುವುದನ್ನು ನೋಡಿ ನೋಡಿ ರೂಢಿಯಾಗಿದ್ದ ಹಾಗೆ, ಓಡುವ ದಾರವನ್ನು ತಡೆಯಲು ಬಲಗೈಯ ಎರಡು ಬೆರಳಿಗೆ ಸುತ್ತಿಕೊಂಡಿದ್ದರು. ಸಾಯೋ ತುಂಡು ಇರುವವನಿಗೆ ಅದು ಸರಿ. ಇದು ಸಮುದ್ರದ ದಾರ. ಬೆರಳಿನೊಳಗೆ ಅದು ಇಳಿಯುವುದನ್ನು ನಾನು ನೋಡಿದೆ. ಹರಿಗೋಲು ಬುಗುರಿಯಂತೆ ಒಂದು ಸುತ್ತು ತಿರುಗಿ, ಮಾಮುವಿನ ಕೈ ಇದ್ದ ಕಡೆಗೆ ವಾಲಿ, ಆ ಖಾಲಿ ಕಲ್ಲಿನ ದಿಕ್ಕಿಗೆ ಹೊರಟಿತು. ಅಂಚಿನ ಮೇಲಿಂದ ನೀರು ಒಳಗೆ ಬಂತು. ದಾರ ಅವರ ಕೈಯಿಂದ ನನ್ನ ಮೊಣಕಾಲಿನ ಪಕ್ಕದಲ್ಲೇ ಹಾದು ನೀರಿಗಿಳಿದಿತ್ತು. "ಶಮ್ಮೋ, ಕಡಿ! ಹಲ್ಲಿಲೆ ಕಡಿ, ಬೇಟಾ!"

ದಿನಕ್ಕೆ ನೂರು ದಾರ ಕಡಿಯುವ ಹಲ್ಲು ನನ್ನದು. ದಾರಕ್ಕೂ ನನ್ನ ಬಾಯಿಗೂ ಒಂದು ಮೊಳ ದೂರ. ಆದರೆ ಬಗ್ಗಬೇಕೆಂದರೆ ಮುಖ ನೀರಿನ ಹತ್ತಿರ ಹೋಗಬೇಕಿತ್ತು, ಆ ನೀರಿನ ಕೆಳಗೆ ಅವನಿದ್ದ. ನಾನು ಬಗ್ಗಲಿಲ್ಲ. ತಳದ ಬಿದಿರನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿಕೊಂಡೆ. ಮಾಮು ಇನ್ನೊಮ್ಮೆ ಕರೆದರು, ಆಮೇಲೆ ಕರೆಯಲಿಲ್ಲ. ಯಂಕಪ್ಪ ಹುಟ್ಟು ಎಸೆದು, ನನ್ನ ಬೆನ್ನ ಮೇಲಿಂದಲೇ ತೆವಳಿ ಬಂದು ದಾರಕ್ಕೆ ಬಾಯಿ ಹಾಕಿದ. ಟಪ್ ಎಂದಿತು. ಹರಿಗೋಲು ಹಿಂದಕ್ಕೆ ಜಿಗಿದು ಅಲ್ಲಾಡುತ್ತ ನಿಂತಿತು. ಯಂಕಪ್ಪನ ತುಟಿಯಲ್ಲಿ ಇದ್ದದ್ದು ಎಲೆಅಡಿಕೆಯ ಕೆಂಪೋ ರಕ್ತವೋ ನನಗೆ ತಿಳಿಯಲಿಲ್ಲ. ಅವನು ಅಂಗೈಯಿಂದಲೇ ನೀರು ತಳ್ಳುತ್ತ ನಮ್ಮನ್ನು ದಂಡೆ ಮುಟ್ಟಿಸಿದ. "ಅಳಬ್ಯಾಡ ಯವ್ವಾ, ಜೀವ ಉಳದದ" ಎಂದು ಅವನು ಹೇಳಿದ್ದು ನನಗೆ. ನಾನು ಅಳುತ್ತಿರಲಿಲ್ಲ.

ದೇವದುರ್ಗದಲ್ಲಿ ಪಟ್ಟಿ ಕಟ್ಟಿದರು. ರಾಯಚೂರಿನಲ್ಲಿ ಎರಡು ಬೆರಳ ತುದಿಗಳನ್ನು ತೆಗೆದರು. ತೋರುಬೆರಳು ಮತ್ತು ನಡುಬೆರಳು, ಸ್ಕ್ರೂ ಹುಡುಕುವ ಬೆರಳುಗಳು. ಅಮ್ಮಿ ಎದೆ ಬಡಿದುಕೊಂಡು, "ಹೊಳಿಗಿ ಸಮುದ್ರದ ದಾರ ಯಾಂವ ಹಾಕಂದ ನಿನಗ?" ಎಂದು ಕೇಳಿದಾಗ ಮಾಮು, "ನನ್ನ ತಲೀನೇ ಹಾಕಂತು ಆಪಾ" ಅಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ನಿಜ ಹೇಳಲಿಲ್ಲ. ಆ ವರ್ಷವಿಡೀ ಪಡಸಾಲೆಯಿಂದ ಕಲ್ಲಿನ ನೆಲದ ಮೇಲೆ ಸ್ಕ್ರೂ ಬೀಳುವ ಟಿಣ್ ಟಿಣ್ ಸದ್ದು ಕೇಳುತ್ತಿತ್ತು. ಒಂದೊಂದು ಸದ್ದಿಗೂ ಅಮ್ಮಿಯ ಮಷೀನು ಒಳಗೆ ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ನಾನು ಹಲ್ಲಿನಿಂದ ದಾರ ಕಡಿಯುವುದನ್ನು ಬಿಟ್ಟೆ. ಅಮ್ಮಿ ಕತ್ತರಿಯನ್ನು ನನ್ನ ಕಡೆ ಸರಿಸಿದಳು. ನಿಧಾನಕ್ಕೆ ಮಾಮು ಎಡಗೈಗೆ ಕೆಲಸ ಕಲಿಸಿದರು. ಗಿರಾಕಿಗಳು ಮರಳಿ ಬಂದರು.

ಕೈ ಪೂರ್ತಿ ವಾಸಿಯಾಗಿ, ಮದುವೆಯೂ ಆಗಿ, ಎಂಬತ್ತರ ಹೊತ್ತಿಗೆ ಅವರು ಮಾನ್ವಿಯಲ್ಲಿ ಅಂಗಡಿ ಹಾಕಿದರು. ಮೊದಲ ಈದಿಗೆ ನಮ್ಮಲ್ಲಿಗೆ ಬಂದಾಗ ಜುಬ್ಬಾದ ಎರಡೂ ಜೇಬಿನಿಂದ ಎರಡು ಚೀಲ ತೆಗೆದರು. ಹಸಿರು, ನೀಲಿ. "ಕೌನ್ಸಾ, ಶಮ್ಮೋ?" ಅಡುಗೆಮನೆಗೆ ಓಡಿ ಹಿಟ್ಟಿನ ಡಬ್ಬಿಯ ಹಿಂದೆ ಕೂತೆ. ಮುಂದಿನ ಈದಿಗೂ ಕೇಳಿದರು, ಅದರ ಮುಂದಿನದಕ್ಕೂ. ನಾನು ಮತ್ತೆ ಅದೇ ತಪ್ಪು ಮಾಡುತ್ತೇನೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಾರೆ ಅನಿಸುತ್ತಿತ್ತು. ಒಮ್ಮೊಮ್ಮೆ, ಇದು ಅವರು ನನಗೆ ಕೊಡುತ್ತಿರುವ ಶಿಕ್ಷೆ ಅಂತಲೂ ಅನಿಸುತ್ತಿತ್ತು. ನನ್ನ ನಿಕಾಹ್ ಆದ ವರ್ಷದಿಂದ ಅವರು ಕೇಳುವುದನ್ನು ಬಿಟ್ಟರು. ಅಮ್ಮಿ ಹೋದಳು. ಕೋಟೆಯ ಹಿಂದಿನ ಮನೆ ಮಾರಿಹೋಗಿ, ಬೇವಿನ ಮರವೂ ಹೋಗಿ, ಅಲ್ಲೀಗ ಮೂರು ಅಂತಸ್ತಿನ ಕಟ್ಟಡವಿದೆ. ಯಂಕಪ್ಪನ ಸುದ್ದಿ ಯಾವಾಗ ನಿಂತಿತೋ ನೆನಪಿಲ್ಲ. ಕೊನೆಯ ಸಲ ಮಾನ್ವಿಗೆ ಹೋದಾಗ ಮಾಮುವಿಗೆ ಮಾತು ತೊದಲುತ್ತಿತ್ತು. ಮಂಚದ ಕೆಳಗಿನ ಕಡೆಗೆ ಆ ಗಿಡ್ಡ ಬೆರಳು ತೋರಿಸಿದರು. ಗಾಳದ ಸಾಮಾನಿನ ಪೆಟ್ಟಿಗೆ ಎಂದು ನನಗೆ ಗೊತ್ತಾಯಿತು. ನಾನು ಔಷಧದ ಮಾತು ತೆಗೆದೆ.

ಈಗ ಆ ಪೆಟ್ಟಿಗೆ ನನ್ನ ಮುಂದಿತ್ತು. ಮುಚ್ಚಳ ತೆಗೆದೆ. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿದ ರೀಲು, ಅದೇ ಹಳೆಯದು. ಅದರ ಪಕ್ಕ ಎರಡು ಚೀಲ. ಹಸಿರು ಚೀಲ ಬಿಚ್ಚಿದೆ, ಸಣ್ಣ ದಾರ. ನೀಲಿ ಚೀಲವನ್ನು ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತು, ಕೊನೆಗೆ ಬಿಚ್ಚಿದೆ. ಅದರಲ್ಲೂ ಸಣ್ಣ ದಾರವೇ ಇತ್ತು.

"ಇದರಾಗ ದಪ್ಪ ದಾರ ಇರಬೇಕಿತ್ತಲ್ಲ ಮಾಮಿ?" ಎಂದು ಕೇಳಿದೆ.

"ಆ ಕಡ್ಡಿಯಂಥಾದ್ದೇನು? ನಮ್ಮ ಮದುವ್ಯಾದ ವರ್ಷಾನ ಬಿಚ್ಚಿ ಅಂಗಳದಾಗ ಬಟ್ಟಿ ಒಣಗಿಸಾಕ ಕಟ್ಟ್ಯಾರ. ಇನ್ನೂ ಅದ ನೋಡು, ಹರದಿಲ್ಲ" ಅಂದಳು ಮಾಮಿ. "ಅವತ್ತು ಎರಡಕ್ಕೂ ಸಣ್ಣದ ಸುತ್ತಿದ್ರು. ಯಾಕ್ರಿ ಅಂತ ಕೇಳಿದ್ರ, ನಮ್ಮ ಶಮ್ಮೋ ಯಾವುದು ಮುಟ್ಟಿದ್ರೂ ಪಾಸಾಗಬೇಕು ಅಂದ್ರು. ನನಗ ತಿಳೀಲಿಲ್ಲ."

ಅಂಗಳಕ್ಕೆ ನೋಡಿದೆ. ನನ್ನದೇ ಒದ್ದೆ ದುಪಟ್ಟಾ ಆ ದಾರದ ಮೇಲೆ ಒಣಗುತ್ತಿತ್ತು. ಇಷ್ಟು ವರ್ಷ ಬಂದು ಹೋದಾಗಲೆಲ್ಲ ನಾನೇ ಅಲ್ಲಿ ಹಾಕಿ ನಾನೇ ತೆಗೆದಿದ್ದೇನೆ. ಪ್ರತಿ ಈದಿಗೂ ಎರಡು ಕೈ ಚಾಚಿ ನಿಂತ ಮಾಮುವನ್ನು ನಾನು ಹಿಟ್ಟಿನ ಡಬ್ಬಿಯ ಹಿಂದಿನಿಂದ ನೋಡಿದ್ದೆ. ಆ ಕೈಗಳಲ್ಲಿ ನನಗೆ ಹೆದರಲು ಏನೂ ಇರಲಿಲ್ಲ.

ಎರಡೂ ಚೀಲಗಳ ಬಾಯಿ ಕಟ್ಟಿ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟೆ. ಮಾಮಿ ಒಳಗೆ ಹೋಗುವ ತನಕ ಕಾದೆ. ಆಮೇಲೆ ನೀಲಿ ಚೀಲದ ಮೇಲೆ ಕೈಯಿಟ್ಟು, ನನಗಷ್ಟೇ ಕೇಳುವ ಹಾಗೆ ಹೇಳಿದೆ, "ಇದು, ಮಾಮು."