ಒಂದು ಮೊಳ ಮೇಲೆ ನೆಟ್ಟ ಕಲ್ಲು

ಮಲ್ಲಪ್ಪ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿದಾಗ ನಾನು ದಂಡೆಯ ಮೇಲೆಯೇ ನಿಂತಿದ್ದೆ. ಗೆರೆಯ ಕಲ್ಲು ತನ್ನ ಜಾಗದಲ್ಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅದನ್ನು ಕಿತ್ತವನು ನಾನು, ಬೇರೆ ಕಡೆ ನೆಟ್ಟವನೂ ನಾನು. ಹೇಳಲಿಲ್ಲ. ಆರು ವರ್ಷವಾಯಿತು — ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಬಂದರೂ ಈ ಸಂಗತಿಗೆ ಅದು ಬೇಕಿಲ್ಲ.

ನಮ್ಮ ಊರು ಅಕ್ಕಲಕೋಟದಿಂದ ಎರಡು ಹರದಾರಿ. ಊರಿಗೂ ಆಚೆ ದಂಡೆಯ ಹತ್ತಿಪ್ಪತ್ತು ಮನೆಗಳ ವಸ್ತಿಗೂ ನಡುವೆ ಒಂದು ಹಳ್ಳ. ವರ್ಷದಲ್ಲಿ ಹತ್ತು ತಿಂಗಳು ಬರೀ ಮರಳು. ವಸ್ತಿಯ ಮಕ್ಕಳು ಆ ಮರಳು ದಾಟಿ ನಮ್ಮ ಕನ್ನಡ ಸಾಲೆಗೆ ಬರುತ್ತಿದ್ದರು. ಅಲ್ಲಿ ಭೂಗೋಳ ಕಲಿಸಲು ಸೊಲ್ಲಾಪುರದಿಂದ ವೀರಭದ್ರಪ್ಪ ಮಾಸ್ತರು ಬಂದರು. ಅಲ್ಲಿಯ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇದ್ದ ಮನೆತನ. ಅಂಗಡಿ ಬಿಟ್ಟು, ಅಣ್ಣನ ಸಿಟ್ಟು ಕಟ್ಟಿಕೊಂಡು, ನಮ್ಮಂಥ ಊರಿಗೆ ಬಂದಿದ್ದರು.

ಅವರು ಪುಸ್ತಕ ಓದಿಸಿ ಸುಮ್ಮನಾಗುವವರಲ್ಲ. ಒಂದು ದಿನ ಹಿಟ್ಟು ನಾದುವ ಎರಡು ಅಗಲ ಪರಾತ ತರಿಸಿದರು. ಒಂದರಲ್ಲಿ ಮಾಳದಿಂದ ಬೇರುಸಮೇತ ತಂದ ಹುಲ್ಲಿನ ಹೆಂಟೆ, ಇನ್ನೊಂದರಲ್ಲಿ ಬರೀ ಮಣ್ಣು. ಎರಡನ್ನೂ ಓರೆಯಾಗಿಟ್ಟು ಒಂದೊಂದು ತಂಬಿಗೆ ನೀರು ಸುರಿದರು. ನಾನು ಕೆಲಸವಿಲ್ಲದೆ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ. ಹುಲ್ಲಿನ ಪರಾತದಿಂದ ನೀರು ಹನಿಹನಿಯಾಗಿ, ತಿಳಿಯಾಗಿ ಬಂತು. ಮಣ್ಣಿನ ಪರಾತದಿಂದ ಒಮ್ಮೆಲೆ ರಾಡಿ ನುಗ್ಗಿತು, ಮುಂದೆ ಕೂತ ಹುಡುಗರ ಚಡ್ಡಿ ತೊಯ್ದವು. ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ.

“ಹುಲ್ಲಿನ ಬೇರು ನೀರ ಹಿಡಿತದ. ಮಾಳ ಬೋಳಾತಂದ್ರ ಹಳ್ಳಕ್ಕ ಹುಚ್ಚ ಹಿಡಿತದ,” ಅಂದರು.

ನಮ್ಮ ತಲೆಯ ಮೇಲೆ ಮೋಡ ಇಲ್ಲದಿದ್ದರೂ ಮೇಲಿನ ಮಾಳದಲ್ಲಿ ಮಳೆಯಾದರೆ ಹಳ್ಳ ತುಂಬಿ ಬರುತ್ತದೆ ಎಂದು ತಿಳಿಸಿ ಹೇಳಿದರು. ಅದೇ ವಾರ ಟೇಪು ಹಿಡಿದು ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಹೋದರು. ದಾಟುವ ಜಾಗದಲ್ಲಿ ಎಷ್ಟು ಆಳವಾದರೆ ಕಾಲು ನಿಲ್ಲುವುದಿಲ್ಲ ಎಂದು ಅಳೆದು ಲೆಕ್ಕ ಹಾಕಿ, ಅಲ್ಲೊಂದು ಕಲ್ಲು ನೆಡಿಸಿದರು. ಕಲ್ಲನ್ನು ಬಂಡಿಯಲ್ಲಿ ತಂದವನು ನಾನು. ಅದರ ಮೇಲೆ ಸುಣ್ಣದ ಗೆರೆ ಎಳೆದವನು ಸಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿ ಮಲ್ಲಪ್ಪ. ನೀರು ಗೆರೆಯ ಕೆಳಗಿದ್ದರೆ ದಾಟಬಹುದು, ಗೆರೆ ಮುಟ್ಟಿದರೆ ಯಾರೂ ಇಳಿಯಬಾರದು — ಇಷ್ಟೇ ನಿಯಮ. ಕಲ್ಲು ಕಾಯುವ ಜವಾಬ್ದಾರಿ ಗುರುಪಾದನದು ಎಂದು ಮಾಸ್ತರು ಎಲ್ಲ ಮಕ್ಕಳ ಮುಂದೆ ಹೇಳಿದರು. ಗುರುಪಾದ ಅಂದರೆ ನಾನು. ಸಾಲೆಯಲ್ಲಿ ನನಗೆ ಸಿಕ್ಕ ಮಾನ ಅದೊಂದೇ.

ಮುಂದೆ ಎಪ್ಪತ್ತೆರಡರ ಬರ ಬಂತು. ಮಾಳದ ಹುಲ್ಲನ್ನು ದನ ತಿಂದವು. ಆಮೇಲೆ ನಾವು ಕುರಪಿ ಹಿಡಿದು ಬೇರನ್ನೂ ಕೆತ್ತಿ ತಂದು ದನಕ್ಕೆ ಹಾಕಿದೆವು. ಮಾಳ ಆ ಎರಡನೆಯ ಪರಾತದ ಹಾಗೆ ಆಯಿತು. ನೋಡಿದೆ, ತಿಳಿಯಲಿಲ್ಲ ಅಂತ ಹೇಳಲಾರೆ. ತಿಳಿದಿತ್ತು.

ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುತ್ತಿದ್ದರು. “ಕುಡ್ಯಾಕ ಹನಿ ನೀರಿಲ್ಲ, ನಮ್ ಮಾಸ್ತರ ಹಳ್ಳ ಬರೂ ದಾರಿ ಕಾಯಾಕತ್ಯಾನ.” ನಾನೂ ನಗುತ್ತಿದ್ದೆ.

ಬಾವಿ ಬತ್ತಿದ ಮೇಲೆ ಹಳ್ಳದ ಮರಳಿನಲ್ಲಿ ಒರತೆ ತೋಡಿ ನೀರು ತುಂಬುವುದು ನಮ್ಮ ಕಡೆಯ ರೂಢಿ. ತೋಡಿದ ಮನೆಯವರದೇ ಆ ಒರತೆ, ಮೇಲೊಂದು ಜಾಲಿ ಮುಳ್ಳು ಮುಚ್ಚಿದರೆ ಬೇರೆಯವರು ಮುಟ್ಟುವುದಿಲ್ಲ. ಸಾಲೆಗೆ ಬೇಸಿಗೆ ಸೂಟಿ ಬಿಟ್ಟಾಗ ನಮ್ಮ ಒರತೆ ಬತ್ತಿತು. ಗೆರೆಯ ಕಲ್ಲಿನ ಬುಡದಲ್ಲಿ ಮಾತ್ರ ಮರಳು ತಣ್ಣಗಿತ್ತು. ಮಾಸ್ತರು ಸೊಲ್ಲಾಪುರಕ್ಕೆ ಹೋಗಿದ್ದರು. ಹಾರೆ ಹಾಕಿ ಕಲ್ಲು ಕಿತ್ತೆ. ನೀರು ಸಿಕ್ಕಿತು. ಅವ್ವ ಕುಡಿದಳು, ದನ ಕುಡಿದವು.

ಬಾಯಾರಿಕೆಯನ್ನು ನೆವ ಮಾಡುವುದಿಲ್ಲ. ಆ ಒರತೆಯೂ ಬತ್ತಿದ ಮೇಲೆ ಕುಣಿ ಮುಚ್ಚಿ ಕಲ್ಲನ್ನು ಅಲ್ಲಿಯೇ ನೆಡಬಹುದಿತ್ತು. ಅರ್ಧ ದಿನದ ಕೆಲಸ — ಬೇಸರವಾಯಿತು. ದಂಡೆಯ ಕಡೆಗೆ ಐದು ಹೆಜ್ಜೆ ಸರಿದರೆ ನೆಲ ಗಟ್ಟಿ ಇತ್ತು, ಅಲ್ಲಿ ನೆಟ್ಟೆ. ಮೊಳ ಹಾಕಿ ನೋಡಿದೆ. ಮೊದಲಿನ ಜಾಗಕ್ಕಿಂತ ಪೂರಾ ಒಂದು ಮೊಳ ಎತ್ತರ, ಗೆರೆಯೂ ಅಷ್ಟೇ ಮೇಲೆ ಹೋಯಿತು. ನೀರೇ ಇಲ್ಲದ ಹಳ್ಳ, ಗೆರೆ ಎಲ್ಲಿದ್ದರೇನು ಅಂದುಕೊಂಡೆ.

ಸೂಟಿ ಮುಗಿಯಿತು. ಅಷ್ಟರಲ್ಲಿ ಹಳ್ಳದ ತುಂಬ ಊರವರ ಒರತೆಗಳೇ, ಮರಳೆಲ್ಲ ಮಗುಚಿ ಬಿದ್ದಿತ್ತು. ಐದು ಹೆಜ್ಜೆಯ ಫರಕು ಮಾಸ್ತರರಿಗೆ ಕಾಣಲಿಲ್ಲ.

ಮೊದಲ ಮಳೆ ನಮ್ಮೂರಿನ ಮೇಲೆ ಬೀಳಲೇ ಇಲ್ಲ. ಮೇಲಿನ ಮಾಳದಲ್ಲಿ ಬಿತ್ತು. ಸಾಲೆ ಬಿಡುವ ಹೊತ್ತಿಗೆ ಹಳ್ಳ ಬಂದಿತ್ತು, ಬರೀ ರಾಡಿ. ಊರವರು ನೋಡಲು ಓಡಿದರು, ನಾನೂ ಹೋದೆ. ವಸ್ತಿಯ ಮಕ್ಕಳು ಪಾಟಿಚೀಲ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು. ಮಾಸ್ತರು ಕಲ್ಲು ನೋಡಿದರು. ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ಅವರ ಮುಖದಲ್ಲಿ ಆಗ ಏನಿತ್ತು — ಖುಷಿಯೇ ಇತ್ತು. ನಕ್ಕವರೆಲ್ಲ ಅಲ್ಲಿಯೇ ನಿಂತಿದ್ದರಲ್ಲ.

“ಗೆರಿ ಇನ್ನಾ ಮ್ಯಾಲ ಅದ. ಮಲ್ಲಪ್ಪಾ, ನೀ ಮೊದಲ ದಾಟಿ ನೋಡು. ಆಮ್ಯಾಲ ಹುಡುಗರನ್ನ ಕಳಸೂಣು.”

“ನನ್ನ ಕೈಲೆ ಬಳದ ಗೆರಿ ಅದ್ರಿ ಮಾಸ್ತರ್ರ,” ಅಂದ ಮಲ್ಲಪ್ಪ. “ನನಗ ಮೋಸ ಮಾಡತದೇನು?”

ನಾನು ಹತ್ತು ಮಾರು ದೂರ ಇದ್ದೆ. ಕೂಗಿದ್ದರೆ ಕೇಳುತ್ತಿತ್ತು. ಬಾಯಿ ತೆರೆದೆ ಕೂಡ. ಆದರೆ ಮಕ್ಕಳ ಮುಂದೆ, ಕಲ್ಲು ಕಾಯುವವನೇ ಕಲ್ಲು ಕಿತ್ತ ಅಂತ — ಒಂದು ಮೊಳದಲ್ಲಿ ಏನಾದೀತು ಅಂತ — ಅಷ್ಟರಲ್ಲಿ ಅವನು ನಡು ಹಳ್ಳದಲ್ಲಿದ್ದ. ಸೊಂಟದವರೆಗೆ ನೀರು. ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಇರಲಿಲ್ಲ.

ಎರಡು ದಿನದ ಮೇಲೆ ಕೆಳಗಿನ ಜಾಲಿಕಂಟಿಯಲ್ಲಿ ಹೆಣ ಸಿಕ್ಕಿತು. ಅವನ ಹೆಂಡತಿ ಶಾಂತವ್ವ ಸಾಲೆಯ ಬಾಗಿಲಲ್ಲಿ ಕೂತು ಮಾಸ್ತರರಿಗೆ ಮಣ್ಣು ತೂರಿದಳು. ಅವರು ಸರಿಯಲಿಲ್ಲ.

ನೀರು ಇಳಿದ ಮೇಲೆ ಮಾಸ್ತರು ಒಬ್ಬರೇ ಟೇಪು ತಂದು ಕಲ್ಲು ಅಳೆಯುತ್ತಿದ್ದರು. ಬುಡದಿಂದ ಗೆರೆಯವರೆಗೆ ಅಳೆದರೆ ಎಲ್ಲ ಮೊದಲಿನಂತೆಯೇ ಇತ್ತು, ಇರಲೇಬೇಕು. ತಳದ ಮರಳನ್ನು ಹಳ್ಳವೇ ಅತ್ತಿತ್ತ ಮಾಡಿ ಹೋಗಿತ್ತು. ನನ್ನನ್ನು ಕರೆದು ಕೇಳಿದರು.

“ಗುರುಪಾದ, ಯಾರರೆ ಈ ಕಲ್ಲ ಸರಸಿದ್ರೇನೋ?”

“ಇಲ್ರಿ ಮಾಸ್ತರ್ರ. ಯಾರ್ ಮುಟ್ತಾರ್ರಿ ಅದಕ.”

ತಲೆ ಆಡಿಸಿದರು. ತಮ್ಮ ಲೆಕ್ಕವೇ ತಪ್ಪಿತೆಂದು ಊರಿನ ಮುಂದೆ ಒಪ್ಪಿಕೊಂಡು, ಆ ತಿಂಗಳೇ ನೌಕರಿ ಬಿಟ್ಟರು. ಕಲ್ಲನ್ನು ಜನ ಉರುಳಿಸಿದರು. ಈಗ ವಸ್ತಿಯ ಮಕ್ಕಳು ಅಂದಾಜಿನ ಮೇಲೆ ಹಳ್ಳ ದಾಟುತ್ತಾರೆ. ಲೆಕ್ಕದ ಮಾತು ಅಲ್ಲಿ ಯಾರೂ ಕೇಳುವುದಿಲ್ಲ.

ನಾನು ಸೊಲ್ಲಾಪುರಕ್ಕೆ ಬಂದು ಮಗ್ಗದ ಕೆಲಸಕ್ಕೆ ಸೇರಿದೆ. ಟವೆಲ್ ನೇಯುತ್ತೇನೆ. ಹೋದ ತಿಂಗಳು ಅಂಗಿಯ ಬಟ್ಟೆಗೆಂದು ನವಿ ಪೇಠಕ್ಕೆ ಹೋದೆ. ಒಂದು ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವರು ವೀರಭದ್ರಪ್ಪ ಮಾಸ್ತರು. ಕೂದಲೆಲ್ಲ ಬೆಳ್ಳಗಾಗಿತ್ತು. ಎರಡು ಮೀಟರ್ ಬಟ್ಟೆ ಒಮ್ಮೆ ಅಳೆದರು. ಮಡಿಕೆ ಬಿಚ್ಚಿ ಮತ್ತೊಮ್ಮೆ ಅಳೆದರು. ಮೂರನೆಯ ಸಲ ಬಿಚ್ಚಿದಾಗ ಗಾದಿಯ ಮೇಲೆ ಕೂತ ಅವರ ಅಣ್ಣ ಮರಾಠಿಯಲ್ಲಿ ಏನೋ ಬೈದು, ಗಿರಾಕಿಗಳ ಕಡೆ ತಿರುಗಿ ಅಂದ: “ನಮ್ ತಮ್ಮ ಅಳದು ಅಳದು ಬಟ್ಟಿ ಸವಸ್ತಾನ ನೋಡ್ರಿ.” ಎಲ್ಲರೂ ನಕ್ಕರು.

ಮಾಸ್ತರು ನನ್ನ ಗುರುತು ಹಿಡಿದರು. “ಗುರುಪಾದ ಅಲ್ಲೇನೋ? ಈ ವರ್ಷ ಹಳ್ಳ ಬಂದಿತ್ತೇನು?”

“ಬಂದಿತ್ತರಿ,” ಅಂದೆ.

ಕತ್ತರಿ ತೆಗೆದುಕೊಂಡು ಬಟ್ಟೆ ಕತ್ತರಿಸಿ ಮಡಿಚಿ ಕೊಟ್ಟರು. ನಾನು ಬಟ್ಟೆ ತೆಗೆದುಕೊಂಡು ಬಂದುಬಿಟ್ಟೆ. ಅದು ಇನ್ನೂ ಹಾಗೆಯೇ ಇದೆ, ಹೊಲಿಯಲು ಕೊಟ್ಟಿಲ್ಲ.

ನಾಳೆ ಪಾಳಿ ಮುಗಿದ ಮೇಲೆ ಈ ಕಾಗದ ಒಯ್ದು ಅವರ ಕೈಗೆ ಕೊಡುತ್ತೇನೆ. ಅವರ ಅಣ್ಣನ ಎದುರಿಗೇ ಕೊಡುತ್ತೇನೆ. ಅಲ್ಲಿಂದ ಊರಿಗೆ, ಶಾಂತವ್ವನ ಮನೆಗೆ. ಅವರು ಏನು ಮಾಡುತ್ತಾರೋ ಮಾಡಲಿ.

ಮಾಸ್ತರ ಲೆಕ್ಕ ಸರಿ ಇತ್ತು. ಮಲ್ಲಪ್ಪ ಎಳೆದ ಗೆರೆ ಸರಿ ಇತ್ತು. ಕಲ್ಲು ಒಂದು ಮೊಳ ಮೇಲೆ ಇತ್ತು.

ಇಷ್ಟೇ. ನನ್ನ ಹತ್ತಿರ ಇನ್ನು ಹೇಳುವುದು ಏನೂ ಇಲ್ಲ.